ಎಮ್ಮೆ ತಿಂದ ನಾಲ್ಕು ತೂತು

ಕಾದ ಕಬ್ಬಿಣದ ವಾಸನೆಯೊಂದು, ಸಿಮೆಂಟಿನ ಪುಡಿಯ ವಾಸನೆಯೊಂದು. ಎರಡೂ ಕೂಡಿ ಮೂಗಿಗೆ ಬಡಿದಾಗ ನಾನು ಅಡುಗೆಮನೆಯಲ್ಲಿ ಮೆಂತ್ಯೆ ಸೊಪ್ಪು ಸೋಸುತ್ತ ಕುಳಿತಿದ್ದೆ. ಎದ್ದು ಹೊರಗಿನ ಕೋಣೆಗೆ ಹೋದೆ. ಮೊಮ್ಮಗ ಸ್ಟೂಲಿನ ಮೇಲೆ ನಿಂತು, ಹೊಸದಾಗಿ ತಂದ ಡ್ರಿಲ್ ಮಷಿನ್ನನ್ನು ಮೇಲಿನ ಸಿಮೆಂಟಿನ ಬೀಮಿಗೆ ಒತ್ತಿ ಹಿಡಿದಿದ್ದ. ಜೋಕಾಲಿಗೆ ಕೊಂಡಿ ಹಾಕುವುದಿತ್ತು. ಮಷಿನ್ನು ಕಿರುಚುತ್ತಿತ್ತು, ತೂತು ಮಾತ್ರ ಬೀಳುತ್ತಿರಲಿಲ್ಲ. ಕೊರೆಯುವ ಸೂಜಿಯ ತುದಿ ಕೆಂಪಗಾಗಿತ್ತು.

ಅದಕ್ಕೂ ಮೊದಲು ಅವನು ಇಟ್ಟಂಗಿ ಗೋಡೆಗೆ ಗಡಿಯಾರ ತೂಗುಹಾಕಲು ಹೋಗಿ ಅಂಗೈ ಅಗಲ ಗಿಲಾವು ಉದುರಿಸಿದ್ದ. ಆಗ ಮಷಿನ್ನು ಬಡಿಯುತ್ತ ತಿರುಗಿತ್ತು. ಗೋಡೆ ಉದುರಿತೆಂದು ಸಿಟ್ಟಿಗೆದ್ದು ಬಡಿಯುವ ಗುಂಡಿ ಬಂದ್ ಮಾಡಿ ಬೀಮಿಗೆ ಬಂದಿದ್ದ. ಎಲ್ಲಿ ಬಡಿಯಬಾರದೋ ಅಲ್ಲಿ ಬಡಿದಿದ್ದ, ಎಲ್ಲಿ ಬಡಿಯಬೇಕೋ ಅಲ್ಲಿ ಬರಿದೇ ತಿರುಗಿಸುತ್ತಿದ್ದ.

“ಬೀಮಿಗೆ ಬಡಿಯೂದು ಹಚ್ಚೋ. ಬರೇ ತಿರಗಿದ್ರ ಅದಕ್ಕೇನ್ ಆಗ್ತೈತಿ?” ಎಂದೆ.

“ಆಯಿ, ಇದೆಲ್ಲಾ ನಿನಗ್ಯಾರ ಹೇಳ್ಯಾರ?”

“ಯಾರೋ ಹೇಳ್ಯಾರ. ನೀ ಮದಲ ಕೆಳಗ ಇಳಿ. ಬಚ್ಚಲ ಹಿಂದ ನನ್ನ ಸಿಮೆಂಟಿನ ಗಟ್ಟಿ ಐತಿ, ಅದನ್ನ ತಗೊಂಡ ಬಾ. ಅದರ ಮ್ಯಾಲ ಹಾಕಿ ನೋಡು, ಆಮ್ಯಾಲ ಬೀಮಿಗೆ ಕೈ ಹಚ್ಚು.”

ಅವನು ನಗುತ್ತ ಗಟ್ಟಿ ತರಲು ಹೋದ. ಆ ವಾಸನೆ ಮಾತ್ರ ಕೋಣೆಯಲ್ಲಿ ಉಳಿಯಿತು. ಜೋರಾಪುರ ಪೇಟೆಯ ಒಂದು ವರ್ಕಶಾಪಿನಲ್ಲಿ, ನಾನಿನ್ನೂ ಹೊಸ ಸೊಸೆಯಾಗಿದ್ದಾಗ, ಇದೇ ವಾಸನೆ ಬಂದಿತ್ತು. ಪಕ್ಕದಲ್ಲಿ ಎದುರು ಮನೆಯ ಅಕ್ಕ ನಿಂತಿದ್ದಳು...

ಅರವತ್ತರ ದಶಕದ ಮಾತು. ನನ್ನ ತವರು ಬಿಜಾಪುರದ ಜೋರಾಪುರ ಪೇಟೆ, ಕೊಟ್ಟದ್ದು ತಿಕೋಟಾಕ್ಕೆ. ಗಂಡನ ಮನೆಯ ಬಾಗಿಲು ತೆರೆದರೆ ಎದುರಿಗೆ ಅವಳ ಬಾಗಿಲು. ರಕ್ತಸಂಬಂಧ ಏನೂ ಇರಲಿಲ್ಲ, ಓಣಿಯವರೆಲ್ಲ ಅಕ್ಕ ಎನ್ನುತ್ತಿದ್ದರು, ನಾನೂ ಅಂದೆ. ಎತ್ತರದ ಹೆಂಗಸು, ಗಂಡಸರಂಥ ದೊಡ್ಡ ಕೈ. ಒಳ್ಳೆಯವಳು ಎಂದು ಹೊಗಳಲು ನಾನು ಕುಳಿತಿಲ್ಲ. ಬಾವಿಕಟ್ಟೆಯ ಮೇಲೆ ಜಗಳಕ್ಕೆ ನಿಂತರೆ ಎದುರಿನವರ ಕೊಡ ತುಂಬುವ ತನಕ ಬಿಡುತ್ತಿರಲಿಲ್ಲ. ನಮ್ಮತ್ತೆಯ ಜರಡಿ ಒಯ್ದವಳು ಕೇಳಿದ ಹೊರತು ತಿರುಗಿ ಕೊಡುತ್ತಿರಲಿಲ್ಲ. ನಕ್ಕರೆ ಬಾಯಿಯ ಒಂದು ಕಡೆ ಮಾತ್ರ ನಗುತ್ತಿತ್ತು, ಇನ್ನೊಂದು ಕಡೆ ಹಾಗೇ ಬಿಗಿದುಕೊಂಡಿರುತ್ತಿತ್ತು.

ಅವಳ ಗಂಡ ತೀರಿಕೊಂಡಿದ್ದ. ಮಕ್ಕಳಿರಲಿಲ್ಲ. ಗಂಡನ ಅಣ್ಣ, ಎಂದರೆ ಅವಳ ಭಾವ, “ಕನಮಡಿಗೆ, ತವರಿಗೆ, ತನ್ನ ಅಣ್ಣನ ಮನಿಗೆ ಹೋಗಲಿ” ಎಂದು ಊರೆಲ್ಲ ಹೇಳುತ್ತ ತಿರುಗಿದ. ಅವಳು ಹೋಗಿದ್ದಳು ಕೂಡ. ಒಂದು ಸುಗ್ಗಿ ಅಲ್ಲಿದ್ದು ತಿರುಗಿ ಬಂದಳು. ಯಾಕೆ ಎಂದು ನಮ್ಮತ್ತೆ ಕೇಳಿದ್ದಕ್ಕೆ, “ವೈನಿ ರೊಟ್ಟಿ ಎಣಿಸಿ ಬುಟ್ಟ್ಯಾಗ ಇಡ್ತಾಳ್ರಿ” ಎಂದಳು. ವೈನಿ ಎಂದರೆ ಅಣ್ಣನ ಹೆಂಡತಿ.

ಬಂದವಳು ಹಿಟ್ಟಿನ ಗಿರಣಿ ಹಾಕುತ್ತೇನೆ ಎಂದಳು. ಗಂಡನ ಪಾಲಿನದು ರಸ್ತೆಗೆ ಹತ್ತಿದ ಒಂದು ಕೊಟ್ಟಿಗೆ ಇತ್ತು, ಅದರಲ್ಲಿ ಭಾವ ಎಮ್ಮೆ ಕಟ್ಟುತ್ತಿದ್ದ. ಬಿಡಲು ಒಪ್ಪಲಿಲ್ಲ. ಮಾತು ಹಿರಿಯರ ಮುಂದೆ ಹೋಯಿತು. ಚಾವಡಿಯಲ್ಲಿ ಕುಳಿತು ಅವರು ಹೇಳಿದ್ದಿಷ್ಟು: ಎಳ್ಳ ಅಮಾವಾಸ್ಯೆಯ ಒಳಗೆ ಗಿರಣಿ ಚಾಲೂ ಆಗಿ ಊರಿಗೆ ಹಿಟ್ಟು ಕೊಟ್ಟರೆ ಆ ಜಾಗ ಅವಳದು. ಆಗದಿದ್ದರೆ ಕೊಟ್ಟಿಗೆ ಭಾವನಿಗೆ, ಅವಳು ಕನಮಡಿಗೆ. ಅವಳು ಹೂಂ ಎಂದಳು, ಭಾವ ಅಲ್ಲಿಯ ತನಕ ಎಮ್ಮೆಯನ್ನು ಕೊಟ್ಟಿಗೆಯ ಹೊರಗೆ ಕಟ್ಟಿದ. ಕೊರಳಲ್ಲಿದ್ದದ್ದು, ಕೈಯಲ್ಲಿದ್ದದ್ದು ಎಲ್ಲ ಗಿರಣಿಯಾಗಿ ಸಾಂಗಲಿಯಿಂದ ಲಾರಿಯಲ್ಲಿ ಬಂತು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆ ಆಗ ತಮ್ಮನ ಹೆಂಡತಿ ಭಾವನ ಜೊತೆ ನೇರ ಮಾತಾಡುತ್ತಿರಲಿಲ್ಲ. ಭಾವನೂ ಅವಳಿಗೆ ನೇರ ಏನೂ ಹೇಳುತ್ತಿರಲಿಲ್ಲ. ನಡುವೆ ಯಾರಾದರೂ ಬೇಕು. ಯಾರೂ ಇಲ್ಲದಿದ್ದರೆ ಕಂಬಕ್ಕೋ ಕೊಡಕ್ಕೋ ಹೇಳಿದಂತೆ ಹೇಳುವುದು. ಇವರಿಬ್ಬರ ನಡುವೆ ಆ ಎಮ್ಮೆ ಇತ್ತು. ಜಗಳವೆಲ್ಲ ಎಮ್ಮೆಯ ಮೂಲಕವೇ ನಡೆಯುತ್ತಿತ್ತು.

ಗಿರಣಿಯನ್ನು ಬರಿ ನೆಲದ ಮೇಲೆ ಇಡಲು ಬರುವುದಿಲ್ಲ. ಇಂಜಿನ್ನಿನ ಪಟ್ಟಾ, ಎಂದರೆ ಬೆಲ್ಟು, ಎಳೆಯುವ ಜೋರಿಗೆ ಕಿತ್ತು ಮೈಮೇಲೆ ಬರುತ್ತದೆ. ಅದಕ್ಕೆ ಸಿಮೆಂಟು, ಖಡಿಯ ಜಲ್ಲಿ, ಉಸುಕು ಕಲಸಿ ಕಟ್ಟೆ ಹಾಕಿ, ನಾಲ್ಕು ಮೂಲೆಗೆ ನಾಲ್ಕು ಬೋಲ್ಟು ಹೂಳಿ, ಅವಕ್ಕೆ ಗಿರಣಿಯ ಕಾಲು ಬಿಗಿಯಬೇಕು. ಬೋಲ್ಟಿಗೆ ಜಾಗ ಉಳಿಯಲೆಂದು ಹಸಿ ಕಟ್ಟೆಯಲ್ಲಿ ಕಟ್ಟಿಗೆಯ ಗೂಟ ನಿಲ್ಲಿಸುತ್ತಾರೆ, ಕಟ್ಟೆ ಬಿಗಿಯಾದ ಮೇಲೆ ಗೂಟ ಕೀಳುತ್ತಾರೆ. ಮೊದಲು ಇಂಜಿನ್ನಿನ ಕಟ್ಟೆಗೆ ಗಾರೆ ಕೆಲಸದ ಗೌಂಡಿ ಹಾಗೆಯೇ ಮಾಡಿದ್ದ. ಗೂಟಗಳು ನೀರು ಕುಡಿದು ಉಬ್ಬಿ ಕೂತವು. ಜಗ್ಗಿ ಜಗ್ಗಿ ಗೌಂಡಿಯ ಸೊಂಟ ಹಿಡಿದುಕೊಂಡಿತು. ಗಿರಣಿಯ ಕಟ್ಟೆಗೆ ಬಂದಾಗ ಅವನು ಹೊಸ ಉಪಾಯ ಮಾಡಿದ. ಗೂಟದ ಬದಲು ಹಸಿ ಜೋಳದ ದಂಟಿನ ಸೂಡು ಕಟ್ಟಿ ನಿಲ್ಲಿಸಿದ. ದಂಟು ಒಣಗಿದರೆ ತಾನೇ ಸಣ್ಣಗಾಗುತ್ತದೆ, ಎರಡು ಬೆರಳಲ್ಲಿ ಎತ್ತಿ ಒಗೆಯಬಹುದು. ಉಪಾಯ ಕೆಟ್ಟದ್ದೇನೂ ಆಗಿರಲಿಲ್ಲ. ಆದರೆ ಕಟ್ಟೆ ಇದ್ದದ್ದು ಎಮ್ಮೆಯ ಹಳೆಯ ಗ್ವಾದಲಿಯ ಜಾಗದಲ್ಲಿ, ಅದು ವರ್ಷಗಟ್ಟಲೆ ಮೇವು ತಿಂದ ಜಾಗದಲ್ಲಿ. ಇದು ಗೌಂಡಿಗೂ ಹೊಳೆಯಲಿಲ್ಲ, ನಮಗೂ ಹೊಳೆಯಲಿಲ್ಲ.

ಸಂಜೆ ಎಮ್ಮೆ ಹೊಲದಿಂದ ಬಂತು. ಬಾಗಿಲಿಗೆ ಕಟ್ಟಿದ ಗೋಣಿತಟ್ಟು ಕೋಡಿನಿಂದ ಸರಿಸಿ ಒಳಗೆ ಹೋಯಿತು. ಹಸಿ ದಂಟು ತನಗಾಗಿಯೇ ನಿಲ್ಲಿಸಿಟ್ಟಂತೆ ಕಂಡಿರಬೇಕು. ನಾಲ್ಕೂ ಸೂಡು ಎಳೆದು ತಿಂದಿತು. ಎಳೆದ ಕಡೆಯಲ್ಲೆಲ್ಲ ಹಸಿ ಸಿಮೆಂಟು ಕುಸಿದು ಕೂಡಿಕೊಂಡಿತು. ನಾವು ನೋಡಿದ್ದು ಬೆಳಿಗ್ಗೆ, ಕಟ್ಟೆಗೆ ನೀರು ಹೊಡೆಯಲು ಹೋದಾಗ. ಒಂದೂ ತೂತಿಲ್ಲ. ಗಟ್ಟಿ ಕಟ್ಟೆ, ಅದರ ಮೂಲೆಯಲ್ಲಿ ಎಮ್ಮೆಯ ಗೊರಸಿನ ಗುರುತು, ಮುದ್ರೆ ಒತ್ತಿದಂತೆ.

ಭಾವ ಬಂದು ನೋಡಿದ. ಎಮ್ಮೆಯ ಬೆನ್ನು ತಟ್ಟಿದ. “ಶಾಣ್ಯಾಕಿ ಅದಿ ನೋಡು ನೀ. ಇದು ಯಾರ ಜಾಗಾ ಅಂತ ಊರಾಗ ನಿನಗೊಬ್ಬಾಕಿಗೆ ಖರೇ ತಿಳದೈತಿ,” ಎಂದ, ಎಲ್ಲರಿಗೂ ಕೇಳುವಂತೆ.

ಅಕ್ಕ ಸೆರಗು ಸರಿಮಾಡಿಕೊಂಡು ಅದೇ ಎಮ್ಮೆಗೆ ಹೇಳಿದಳು. “ತಿಂದೀಯಲ್ಲ, ಅರಗಿಸ್ಕೋ. ಅಮಾಸಿ ಬರ್ಲಿ, ನಿನಗ ನನ್ನ ಗಿರಣಿ ನುಚ್ಚ ಹಾಕ್ತೇನಿ.”

ಎಮ್ಮೆಯನ್ನು ಬೇಕೆಂದೇ ಬಿಟ್ಟ ಎಂದು ಆಮೇಲೆ ಊರಲ್ಲಿ ಆಡಿಕೊಂಡರು. ನಾನು ನಂಬುವುದಿಲ್ಲ. ಎಮ್ಮೆ ತಾನು ತಿಂದ ಜಾಗಕ್ಕೆ ಹೋಗುತ್ತದೆ, ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಕಟ್ಟೆ ಒಡೆದು ಬೇರೆ ಹಾಕೋಣ ಎಂದರೆ ಸಿಮೆಂಟು ಆಗ ಪರ್ಮಿಟ್ಟಿನ ಮೇಲೆ ಸಿಗುತ್ತಿತ್ತು. ಅರ್ಜಿ ಕೊಟ್ಟು ಕಾಯುತ್ತ ಕೂತರೆ ಎಳ್ಳ ಅಮಾವಾಸ್ಯೆ ಹೋಗಿ ಯುಗಾದಿ ಬರುತ್ತಿತ್ತು. ಗೌಂಡಿ ಬಿಜ್ಜರಗಿಯಲ್ಲಿ ಬೇರೆ ಕೆಲಸ ಹಿಡಿದಿದ್ದ. ಅವನು ತಿರುಗಿ ಬರುವ ಹೊತ್ತಿಗೆ ಕಟ್ಟೆ ಕಲ್ಲಾಗಿತ್ತು. ತಪ್ಪು ತನ್ನದೂ ಇದೆಯೆಂದು ಅವನು ದೊಡ್ಡ ಚಾಣ, ದೊಡ್ಡ ಸುತ್ತಿಗೆ ತೆಗೆದುಕೊಂಡು ಒಂದು ಮೂಲೆಗೆ ಜೋರಾಗಿ ಹೊಡೆದ. ಮೊದಲು ಟಣ್ ಎಂದಿತು. ಇನ್ನೊಂದು ಏಟಿಗೆ ಟಪ್ ಎಂದಿತು.

“ನಿಂದ್ರಸ್ರಿ ಗೌಂಡೇರ,” ಎಂದಳು ಅಕ್ಕ.

“ಯಾಕ್ ಬೇ ಯವ್ವಾ, ಇನ್ನ ಚಾಲೂನ ಆಗಿಲ್ಲ.”

“ಚಾಲೂ ಆಗಿದ್ರ ಮುಗದ ಹೋಗ್ತಿತ್ತು. ಸೀಳ ಬಿಟ್ಟೈತಿ, ನೋಡ್ರಿ ಇಲ್ಲಿ.”

ಕೂದಲೆಳೆಯಷ್ಟು ಬಿರುಕು. ಬೆರಳಿಗೆ ಹತ್ತುತ್ತಿರಲಿಲ್ಲ, ಕಣ್ಣಿಗೆ ಕಾಣುತ್ತಿತ್ತು. ಇನ್ನೊಂದು ಏಟು ಬಿದ್ದಿದ್ದರೆ ಮೂಲೆ ಕಳಚಿ ಬರುತ್ತಿತ್ತು. ಗೌಂಡಿ ಚಾಣ ಕೆಳಗಿಟ್ಟು ಬೀಡಿ ಹಚ್ಚಿದ. ತನ್ನ ಕೈಯಲ್ಲಿ ಇನ್ನೇನೂ ಇಲ್ಲ ಎಂದ.

ಅಕ್ಕ ಆ ಹೊತ್ತು ಊಟ ಮಾಡಲಿಲ್ಲ. ಕಟ್ಟೆಯ ಸುತ್ತ ತಿರುಗಿದಳು. ಕಟ್ಟೆ ಹಾಕಿ ಉಳಿದ ಮಾಲನ್ನು ಗೌಂಡಿ ಒಂದು ಒಡೆದ ಗಡಿಗೆಯ ತಳದಲ್ಲಿ ಸುರಿದು ಬಿಟ್ಟಿದ್ದ. ಅದು ಅಲ್ಲೇ ಬಿಗಿದು ಕಲ್ಲಾಗಿತ್ತು. ಅದನ್ನು ಕಾಲಲ್ಲಿ ಹೊರಳಿಸಿ ನೋಡಿದಳು. ಗಡಿಗೆಯ ಚೂರು ಬಿಡಿಸಿ ತೆಗೆದಳು. ಆಮೇಲೆ ನನ್ನನ್ನು ಕರೆದಳು.

“ತಂಗಿ, ಕುಬಸದ ಖಣಕ್ಕ ದಾರ ಹೆಂಗ ತರ್ತಿ?”

“ಖಣದ ತುಂಡ ಅಂಗಡಿಗೆ ಒಯ್ದು ಹೊಂದಿಸಿ ನೋಡಿ ತರ್ತೇನಿ ಅಕ್ಕಾ.”

“ಹಾಂ. ನಡಿ ಬಿಜಾಪುರಕ್ಕ. ನಿಮ್ಮತ್ತಿಗೆ ನಾ ಕೇಳ್ತೇನಿ.”

ಹೀಗೆ ಆ ಗಟ್ಟಿ ನಮ್ಮ ಜೊತೆ ಹೊರಟಿತು. ಕಟ್ಟೆ ಯಾವ ಮಾಲಿನದೋ ಈ ಗಟ್ಟಿಯೂ ಅದೇ ಮಾಲಿನದು. ಇದರಲ್ಲಿ ಯಾವ ಮಷಿನ್ನು ಬಿರುಕು ಬಿಡದೆ ತೂತು ಹಾಕುತ್ತದೋ ಅದೇ ಕಟ್ಟೆಗೂ ಆಗುತ್ತದೆ. ಕೆಟ್ಟರೆ ಗಟ್ಟಿ ಕೆಡುತ್ತದೆ, ಕಟ್ಟೆ ಉಳಿಯುತ್ತದೆ. ಜೋರಾಪುರ ಪೇಟೆಯ ಓಣಿಗಳು ನನಗೆ ಗೊತ್ತಿದ್ದವು, ಅದಕ್ಕೇ ನಾನು.

ಬಸ್ಸಿನಲ್ಲಿ ಅವಳು ಗಟ್ಟಿಯನ್ನು ಹಳೆ ಸೀರೆಯಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡು ಮೇಲೆ ಸೆರಗು ಹೊದಿಸಿದ್ದಳು. ಪಕ್ಕದಲ್ಲಿ ಕುಳಿತ ಮುದುಕಿ ನೋಡಿ ನೋಡಿ ತಡೆಯಲಾರದೆ ಅಂದಳು, “ಕೂಸಿನ ಮಾರಿ ಅಷ್ಟ ಮುಚ್ಚಬ್ಯಾಡ ತಂಗಿ. ಉಸರ ಕಟ್ಟತೈತಿ.”

“ಇದಕ್ಕ ಉಸರಿಲ್ಲ ಬಿಡ್ರಿ,” ಎಂದಳು ಅಕ್ಕ.

ಮುದುಕಿ “ಅಯ್ಯ ಶಿವನ!” ಎಂದು ಎದ್ದು ನಿಂತಳು. ಬಸ್ಸಿನವರೆಲ್ಲ ತಿರುಗಿ ನೋಡಿದರು. ಅಕ್ಕ ಸೆರಗು ಸರಿಸಿ ತೋರಿಸಿದಳು. ಕಂಡಕ್ಟರ್ ಬಂದು, “ಇದಕ್ಕ ಲಗೇಜ್ ಆಗ್ತೈತ್ರಿ ಅಕ್ಕಾರ” ಎಂದ.

“ಈಗ ಎಲ್ಲಾರೂ ಕೂಸ ಅಂದ್ರಲ್ಲೋ ಯಪ್ಪಾ. ಮಡಲಾಗಿನ ಕೂಸಿಗೆ ಟಿಕೀಟ್ ಎಲ್ಲೈತಿ?”

ಬಸ್ಸೆಲ್ಲ ನಕ್ಕಿತು. ಅವನೂ ನಗುತ್ತ ಮುಂದೆ ಹೋದ. ಆ ಮುದುಕಿ ಮಾತ್ರ ಇಳಿಯುವ ತನಕ ನಮ್ಮ ಹತ್ತಿರ ಕೂಡಲಿಲ್ಲ.

ನನ್ನ ತವರಿನ ಓಣಿಯ ತುದಿಗೆ ಗೇಟು, ಕಿಟಕಿಯ ಸರಳು ಮಾಡುವ ಒಂದು ವರ್ಕಶಾಪ್ ಇತ್ತು. ಕರೆಂಟಿನ ಮೇಲೆ ನಡೆಯುವ ಡ್ರಿಲ್ ಮಷಿನ್ನು ನಾನು ಮೊದಲು ನೋಡಿದ್ದು ಅಲ್ಲೇ. ಕರುವಿನ ತಲೆಯಷ್ಟು ದೊಡ್ಡದು, ಎರಡು ಕೈಯಲ್ಲಿ ಹಿಡಿಯಬೇಕು. ಅಲ್ಲಿಯ ಮೇಸ್ತ್ರಿ ಗಟ್ಟಿ ನೋಡಿದ, ಅವಳ ಮುಖ ನೋಡಿದ. “ಇದು ಕಬ್ಬಿಣಕ್ಕ, ಕಟಗಿಗೆ ಅಕ್ಕಾರ. ಖಡಿಗೆ ಆಗಂಗಿಲ್ಲ.”

“ಆಗಂಗಿಲ್ಲಂತ ನಿಮಗ ಗೊತ್ತೈತಿ. ನನಗ ಗೊತ್ತಾಗಬೇಕಲ್ಲ. ಒಮ್ಮೆ ಹಿಡೀರಿ.”

ಅವನು ಹಿಡಿದ. ಮಷಿನ್ನು ಕಿರುಚಿತು. ಸೂಜಿ ಒಂದೇ ಜಾಗದಲ್ಲಿ ತಿರುಗಿತು, ತಿರುಗಿತು, ಕೆಂಪಾಯಿತು. ಆಗ ಬಂದದ್ದು ಆ ವಾಸನೆ. ತೆಗೆದು ನೋಡಿದರೆ ಗಟ್ಟಿಯ ಮೇಲೆ ಕರ್ರಗೆ ಸುಟ್ಟ ಒಂದು ಚುಕ್ಕೆ, ಜೋಳದ ಕಾಳು ಕೂರುವಷ್ಟೂ ಕುಳಿ ಬಿದ್ದಿರಲಿಲ್ಲ. ಸೂಜಿಯ ತುದಿ ಮೊಂಡಾಗಿತ್ತು. ಮೇಸ್ತ್ರಿ ಸಿಟ್ಟಾಗುತ್ತಾನೆಂದು ನಾನು ಹಿಂದೆ ಸರಿದೆ. ಅವನು ಸಿಟ್ಟಾಗಲಿಲ್ಲ. ಕಲ್ಲು, ಖಡಿಗೆ ತಿರುಗುವುದರ ಜೊತೆಗೆ ಬಡಿಯುವಂಥದ್ದು ಬೇಕು, ಬಬಲೇಶ್ವರದ ಹತ್ತಿರ ಬಾವಿಯ ಬಂಡೆಗೆ ತೂತು ಹಾಕುವ ಗಾಳಿ ಮಷಿನ್ನು ಬಂದಿದೆ, ಅದು ಬಡಿಯುತ್ತದೆ, ಹೋಗಿ ನೋಡಿ ಎಂದ.

ಆ ರಾತ್ರಿ ನನ್ನ ತವರಿನಲ್ಲಿ ಉಳಿದೆವು. ನನ್ನವ್ವ ಗಟ್ಟಿಯನ್ನು ನೋಡಿ, “ಕಲ್ಲ ಹೊತ್ಕೊಂಡ ತಿರಗಾಕ ಕೊಟ್ಟೇವೇನ ನಿನ್ನ ಆ ಊರಿಗೆ?” ಎಂದು ನನಗೆ ಬೈದಳು. ಅಕ್ಕ ಏನೂ ಆಗದವಳಂತೆ ಎರಡನೇ ರೊಟ್ಟಿ ಕೇಳಿ ಹಾಕಿಸಿಕೊಂಡಳು. ಅಲ್ಲಿ ಯಾರೂ ಎಣಿಸುತ್ತಿರಲಿಲ್ಲ.

ಮರುದಿನ ಬಬಲೇಶ್ವರದ ಬಸ್ಸು ಹಿಡಿದೆವು. ಬಾವಿ ಹುಡುಕುವುದು ಕಷ್ಟವಾಗಲಿಲ್ಲ, ಮಷಿನ್ನಿನ ಸಪ್ಪಳ ಊರ ಹೊರಗಿನಿಂದಲೇ ಕೇಳುತ್ತಿತ್ತು. ಮಷಿನ್ನಿನವ ಕಿವಿಯಲ್ಲಿ ಅರಳೆ ತುರುಕಿಕೊಂಡಿದ್ದ. ಅದರಿಂದ ಯಾರ ಜೊತೆಯೂ ಕೂಗಿಯೇ ಮಾತಾಡುತ್ತಿದ್ದ. ಅಕ್ಕನೂ ಕೂಗಿಯೇ ಕೇಳಿದಳು. ಅವನು ಗಟ್ಟಿಯನ್ನು ನೆಲದ ಮೇಲೆ ಇಡಿಸಿ, ಮಷಿನ್ನಿನ ಮೂತಿ ಅದರ ಮೇಲಿಟ್ಟು ಒಮ್ಮೆ ಒತ್ತಿದ. ಢರ್ರ್ ಎಂದದ್ದೊಂದೇ ಗೊತ್ತು. ಗಟ್ಟಿ ಎರಡು ಹೋಳಾಗಿ ಆ ಕಡೆಗೊಂದು ಈ ಕಡೆಗೊಂದು ಬಿತ್ತು.

ಬಾವಿಯ ಕೆಲಸದವರೆಲ್ಲ ಬಿದ್ದು ಬಿದ್ದು ನಕ್ಕರು. ನನಗೆ ಅಳು ಬಂತು. ಇದು ಕಟ್ಟೆಯಾಗಿದ್ದರೆ ಏನು ಗತಿ ಎಂದುಕೊಂಡೆ. ಅಕ್ಕ ಎರಡೂ ಹೋಳು ಹೆಕ್ಕಿ ಮಣ್ಣು ಒರೆಸಿದಳು.

“ಛಲೋ ಆತು. ಒಂದಿತ್ತು, ಎರಡಾತು. ಇನ್ನ ಎರಡ ಸಲ ನೋಡಾಕ ಬರ್ತೈತಿ.”

ಮಷಿನ್ನಿನವ ಅರಳೆ ತೆಗೆದ. ಅವಳು ಬೇವಿನ ಮರದ ಕೆಳಗೆ ಕುಳಿತು ಅವನಿಗೆ ತನ್ನ ಕಟ್ಟೆ, ಎಮ್ಮೆ, ಅಮಾವಾಸ್ಯೆ ಎಲ್ಲ ಹೇಳಿದಳು. “ಬಿಜಾಪುರದ ಮಷಿನ್ ಬಡೀದ ತಿರಗತೈತಿ, ಸುಡತೈತಿ. ನಿಮ್ಮದು ಬಾವಿ ಬಂಡಿ ಒಡ್ಯಾಕ ಬಂದದ್ದು, ಕೈ ತಡಿಯಂಗಿಲ್ಲ. ನನಗ ನಡುವಿಂದು ಬೇಕು. ಬಡೀಬೇಕು, ಸಣ್ಣಗ ಬಡೀಬೇಕು. ಬಡದಾಗೊಮ್ಮೆ ಹೊಳ್ಳಬೇಕು. ಈ ಮಷಿನ್ ಬರೂಕಿಂತ ಮದಲ ನೀವು ಏನ ಮಾಡತಿದ್ರಿ?”

ಅವನು ಎದ್ದು ಹೋಗಿ ಗಾಡಿಯ ಕೆಳಗಿನ ಪೆಟ್ಟಿಗೆಯಿಂದ ಹಳೆ ಕೈ ಚಾಣಗಳನ್ನು ತಂದು ಸುರಿದ. ಒಂದಕ್ಕೆ ಚಪ್ಪಟೆ ಬಾಯಿ, ಒಂದಕ್ಕೆ ಚೂಪು ಬಾಯಿ, ಒಂದಕ್ಕೆ ತುದಿಯಲ್ಲಿ ನಾಲ್ಕು ಹಲ್ಲು, ಹೂವಿನ ಎಸಳಿನಂತೆ. ಅಕ್ಕ ಒಂದು ಹೋಳನ್ನು ಕಾಲ ನಡುವೆ ಹಿಡಿದುಕೊಂಡು ಒಂದೊಂದನ್ನೇ ಹಾಕಿ ನೋಡಿದಳು. ಚಪ್ಪಟೆಯದು ಸೀಳು ಹುಡುಕುತ್ತಿತ್ತು. ಚೂಪಿನದು ಚೆಕ್ಕೆ ಎಬ್ಬಿಸಿತು. ನಾಲ್ಕು ಹಲ್ಲಿನದನ್ನು ಇಟ್ಟು ಸಣ್ಣ ಸುತ್ತಿಗೆಯಿಂದ ಬಡಿದು, ಸ್ವಲ್ಪ ಹೊರಳಿಸಿ, ಮತ್ತೆ ಬಡಿದು, ಮತ್ತೆ ಹೊರಳಿಸಿ... ಹೀಗೆ ಎಷ್ಟೋ ಹೊತ್ತು. ಆಮೇಲೆ ಹೋಳನ್ನು ಬೋರಲು ಹಾಕಿದಳು. ಅಂಗೈಗೆ ಬೂದಿ ಬಣ್ಣದ ಪುಡಿ ಬಿತ್ತು. ಅದನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿದಳು, ಹಿಟ್ಟು ಸಣ್ಣಗಾಗಿದೆಯೋ ಇಲ್ಲವೋ ಎಂದು ನೋಡುವಂತೆ.

“ನೋಡ ತಂಗಿ. ಚೂರ ಬಂದ್ರ ಒಡ್ಯಾಕತ್ತೈತಿ ಅಂತ. ಹಿಟ್ಟ ಬಂದ್ರ ಕೊರ್ಯಾಕತ್ತೈತಿ ಅಂತ.” ಬಾಯಿಯ ಒಂದು ಕಡೆ ನಕ್ಕಿತು.

ತೂತು ದುಂಡಗೆ ಬಿದ್ದಿತ್ತು. ಅಂಚಿನಲ್ಲಿ ಒಂದು ಕೂದಲಷ್ಟೂ ಬಿರುಕಿರಲಿಲ್ಲ. ಮಷಿನ್ನಿನವ ಅದರಲ್ಲಿ ಬೆರಳು ಆಡಿಸಿ, “ತಳಾ ಬಾಯಿಗಿಂತ ಒಂಚೂರ ಅಗಲ ಮಾಡ್ರಿ, ಗಡಿಗಿ ಹಂಗ. ಸಿಮೆಂಟ್ ಹಾಕಿ ಬೋಲ್ಟ್ ಕುಂದ್ರಿಸಿದ್ರ ಆನಿ ಜಗ್ಗಿದ್ರೂ ಬರಂಗಿಲ್ಲ” ಎಂದ. ಚಾಣ ಅಮಾವಾಸ್ಯೆಯ ತನಕ ಇರಲಿ ಎಂದು ಕೊಟ್ಟ. ಎರಡೂ ಹೋಳು, ಚಾಣ ಎಲ್ಲ ಗಂಟು ಕಟ್ಟಿಕೊಂಡು ಊರಿಗೆ ಬಂದೆವು.

ಕೆಲಸ ನಾವಿಬ್ಬರೇ ಮಾಡಿದೆವು. ನಾನು ಚಾಣ ಹಿಡಿದು ಹೊರಳಿಸುವುದು, ಅವಳು ಹೊಡೆಯುವುದು. ಒನಕೆ ಹಿಡಿದು ಇಬ್ಬರು ಕೂಡಿ ಕುಟ್ಟಿದವರಿಗೆ ಇದು ಹೊಸದಲ್ಲ. ಒಬ್ಬರ ಕೈ ಏಳುವಾಗ ಇನ್ನೊಬ್ಬರ ಕೈ ಏನು ಮಾಡಬೇಕೆಂದು ಯಾರೂ ಹೇಳಬೇಕಾಗಿರಲಿಲ್ಲ. ತೂತಿನಲ್ಲಿ ಪುಡಿ ತುಂಬಿದರೆ ಚಾಣ ಮುಂದೆ ಹೋಗುತ್ತಿರಲಿಲ್ಲ. ಅಕ್ಕ ಒಲೆಯ ಊದುಗೊಳವೆ ತಂದು ಅದರಿಂದ ಪುಡಿ ಊದಿ ತೆಗೆಯುತ್ತಿದ್ದಳು. ಊದಿದಾಗಲೆಲ್ಲ ಪುಡಿ ಮುಖಕ್ಕೆ ಹಾರುತ್ತಿತ್ತು. ಸಂಜೆ ಮನೆಗೆ ಹೋದರೆ ನಮ್ಮತ್ತೆ, “ಗಿರಣಿ ಇನ್ನ ಚಾಲೂನ ಆಗಿಲ್ಲ, ನೀ ಆಗಲೇ ಹಿಟ್ಟಾಗಿ ಬಂದಿ” ಎನ್ನುತ್ತಿದ್ದಳು.

ಭಾವ ದಿನಾ ಬಂದು ಎಮ್ಮೆಯ ಪಕ್ಕ ಕೂಡುತ್ತಿದ್ದ. “ಗಂಗವ್ವಾ,” ಎನ್ನುತ್ತಿದ್ದ ಎಮ್ಮೆಗೆ, “ಕಲ್ಲಿಗೆ ಸೂಜಿ ಚುಚ್ಚಾಕತ್ತಾರ. ನೀ ನೋಡಿ ಬಿಡು, ಹಗ್ಗ ಹರಕೊಳ್ಳಬ್ಯಾಡ.”

ಅಕ್ಕ ಸುತ್ತಿಗೆ ನಿಲ್ಲಿಸದೆ ಹೇಳುತ್ತಿದ್ದಳು. “ಗಂಗವ್ವಾ, ನೀ ತಿಂದದ್ದನ್ನ ನಾವು ಕಕ್ಕಸಾಕತ್ತೇವಿ.”

ಮೂರು ತೂತು ಸರಿಯಾಗಿ ಬಿದ್ದವು. ನಾಲ್ಕನೆಯದು ಆ ಬಿರುಕು ಬಿಟ್ಟ ಮೂಲೆಯಲ್ಲಿ. ಅಲ್ಲಿಯೇ ಹಾಕಬೇಕು, ಗಿರಣಿಯ ಕಾಲು ಅಲ್ಲಿಗೇ ಬರುತ್ತದೆ. ಮೂಲೆ ಕಳಚಿದರೆ ಉಳಿದ ಮೂರೂ ವ್ಯರ್ಥ, ಕನಮಡಿಯ ಬಸ್ಸು ಹತ್ತುವುದೇ. ಅಕ್ಕ ಬಿರುಕಿನ ಮೇಲೆ ಬೆರಳು ಎಳೆದು ನೋಡಿದಳು. ಆಮೇಲೆ ಸುತ್ತಿಗೆ ಇಟ್ಟು ಮನೆಗೆ ಹೋದಳು. ಬರುವಾಗ ಒಂದು ಕೈಯಲ್ಲಿ ಕಟ್ಟಿಗೆಯ ಕೊಡತಿ, ಇನ್ನೊಂದು ಕೈಯಲ್ಲಿ ಜೋಳದ ಹಿಟ್ಟಿನಿಂದ ಮಾಡಿದ ಅಂಟಿನ ಬಟ್ಟಲು. ಬಿರುಕಿನ ಮೇಲೆ ಅಡ್ಡಡ್ಡ ಅಂಟು ತೆಳ್ಳಗೆ ಸವರಿ ಒಣಗಲು ಬಿಟ್ಟಳು.

“ಸೀಳ ಸರದ್ರ ಅಂಟ ಬಿಡತೈತಿ. ಬಿಟ್ಟ ಕೂಡ್ಲೇ ಹೇಳು. ಚಾಣದ ಮ್ಯಾಲ ಕೈ ಇರ್ಲಿ, ಕಣ್ಣ ಅಂಟಿನ ಮ್ಯಾಲ ಇರ್ಲಿ.”

ಕೊಡತಿಯ ಏಟು ಮೆತ್ತಗೆ. ತೂತು ಇಳಿಯುವುದೂ ನಿಧಾನ. ನನ್ನ ಕಣ್ಣು ಆ ಬಿಳಿ ಗೆರೆಯ ಮೇಲೆಯೇ ನೆಟ್ಟಿತ್ತು, ನೀರು ಬರುತ್ತಿತ್ತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ಅಂದು ಮುಗಿಯಲಿಲ್ಲ. ಮರುದಿನವೂ ಕುಳಿತೆವು. ಭಾವ ಬಂದು ಕುಳಿತ, ಎಮ್ಮೆಯ ಕಡೆ ತಿರುಗಲಿಲ್ಲ. ಅವನೂ ಅಂಟನ್ನೇ ನೋಡುತ್ತಿದ್ದ ಎಂದು ನನಗನಿಸಿತು... ಈಗ ಖಚಿತವಾಗಿ ಹೇಳಲಾರೆ.

ಅಂಟು ಬಿಡಲಿಲ್ಲ.

ನಾಲ್ಕೂ ಬೋಲ್ಟು ಕೂಡಿಸಿ, ಚೀಲದಲ್ಲಿ ಉಳಿದ ಸಿಮೆಂಟು ಕದಡಿ ಹಾಕಿ, ದಿನಾ ನೀರು ಹೊಡೆದೆವು. ಈ ಸಲ ಬಾಗಿಲಿಗೆ ಗೋಣಿತಟ್ಟಿನ ಬದಲು ಹಲಗೆ ಬಡಿದಿದ್ದಳು. ಎಳ್ಳ ಅಮಾವಾಸ್ಯೆ ಹತ್ತಿರ ಬಂತು. ಹೊಲಕ್ಕೆ ಒಯ್ಯುವ ಸಜ್ಜೆಯ ರೊಟ್ಟಿ, ಕಡುಬಿಗೆ ಊರ ಹೆಂಗಸರೆಲ್ಲ ಮನೆಯಲ್ಲಿ ಬೀಸಲು ಕುಳಿತಿದ್ದರು. ಅವಳು ಇಂಜಿನ್ನು ಹಚ್ಚಿಸಿದಳು.

ಹಿರಿಯರು ಬಂದು ಬಾಗಿಲಲ್ಲಿ ನಿಂತಿದ್ದರು. ಪಟ್ಟಾ ಎಳೆಯಿತು. ಗಿರಣಿ ಒಮ್ಮೆ ನಡುಗಿತು. ಎಲ್ಲರ ಕಣ್ಣೂ ಬೋಲ್ಟಿನ ಮೇಲೆ. ಅಕ್ಕ ಮಾತ್ರ ಬೋಲ್ಟು ನೋಡಲಿಲ್ಲ. ಆ ಮೂಲೆಯ ಮೇಲೆಯೇ, ಎಮ್ಮೆಯ ಗೊರಸಿನ ಗುರುತಿನ ಪಕ್ಕ ಕಾಲೂರಿ ನಿಂತು ಜೋಳ ಸುರಿದಳು. ಬಿಸಿ ಹಿಟ್ಟು ಬಂತು. ಎರಡು ಬೆರಳಲ್ಲಿ ಉಜ್ಜಿ ನೋಡಿದಳು. ಆ ಸಪ್ಪಳಕ್ಕೆ ಹೆದರಿ ಹೊರಗಿನ ಎಮ್ಮೆ ಗೂಟ ಕಿತ್ತುಕೊಂಡು ಬಾಲ ಎತ್ತಿ ಓಡಿತು. ಅದರ ಹಿಂದೆ ಭಾವ ಓಡಿದ. ಹಿರಿಯರಲ್ಲಿ ಒಬ್ಬರು, “ಎಮ್ಮಿ ಜಾಗಾ ಬಿಟ್ಟು ಹೋತು. ಮುಗೀತ ಬಿಡ್ರಿ ನ್ಯಾಯ” ಎಂದರು.

ಸಂಜೆ ಭಾವ ತಾನೇ ಬಂದ, ಹೆಗಲ ಮೇಲೆ ಸಜ್ಜೆಯ ಚೀಲ. ನಡುವೆ ಮಾತು ದಾಟಿಸಲು ಎಮ್ಮೆ ಇರಲಿಲ್ಲ, ನಾನು ಹಿಟ್ಟು ಗೋರುತ್ತಿದ್ದೆ. ಅವನು ಗಿರಣಿಯ ಬಾಯಿಯನ್ನೇ ನೋಡುತ್ತ, “ಸಜ್ಜಿ ಐತಿ. ಸಣ್ಣಗ ಆಗ್ಲಿ” ಎಂದ.

“ಹಾಕ್ರಿ ಭಾವಾರ,” ಎಂದಳು ಅಕ್ಕ.

ಅವರಿಬ್ಬರ ನಡುವೆ ನೇರವಾಗಿ ನಡೆದ ಮೊದಲ ಮಾತು ಅದು. ಮರುದಿನ ಎಮ್ಮೆಗೆ ಒಂದು ಮೊರ ನುಚ್ಚು ಹೋಯಿತು. ಹೇಳಿದ್ದನ್ನು ಮಾಡುವವಳು ಅವಳು.

ಅಲ್ಲಿಂದ ಅವಳು ಎದುರು ಮನೆಯ ಅಕ್ಕ ಆಗಿ ಉಳಿಯಲಿಲ್ಲ, ಊರಿಗೆಲ್ಲ ಗಿರಣಿ ಅಕ್ಕ ಆದಳು. ಚಾಣ ಬಬಲೇಶ್ವರಕ್ಕೆ ತಿರುಗಿ ಹೋಯಿತು, ಹಿಟ್ಟಿನ ಚೀಲದ ಜೊತೆಗೆ. ಮುಂದೆ ಪಟ್ಟಾದ ಕೊಂಡಿ ಮಣ್ಣಿನ ಗೋಡೆಗೆ ಹಾಕಬೇಕಾದಾಗ ನಾನು ಸುತ್ತಿಗೆ ಎತ್ತಿದೆ. ಅವಳು ಕೈ ಹಿಡಿದು, “ಇದಕ್ಕ ಬಡದ್ರ ಮನೀನ ಬರತೈತಿ. ಇದಕ್ಕ ಬರೇ ತಿರಗಸೂದು” ಎಂದು ಬಡಿಗನ ಬೈರಿಗೆ ತರಿಸಿದಳು. ಗೋಡೆ ಎಂಥದು ಎಂದು ಮೊದಲು ನೋಡು, ಆಮೇಲೆ ಕೈಯಲ್ಲಿ ಏನು ಹಿಡಿಯಬೇಕೋ ಹಿಡಿ. ಅವಳಿಂದ ನಾನು ಕಲಿತದ್ದು ಇಷ್ಟೇ.

ಎಷ್ಟೋ ವರ್ಷ ಗಿರಣಿ ನಡೆಯಿತು. ನಾವು ಮಗನ ನೌಕರಿಗೆಂದು ಬಿಜಾಪುರಕ್ಕೆ ಬಂದೆವು. ಅವಳು ಸತ್ತ ಸುದ್ದಿ ಬಂದಾಗ ಹೋದೆ. ಓಣಿಯಲ್ಲಿ ಹೆಣ ಕೂಡಿಸಿದ್ದರು, ಆ ಕಡೆ ಗಿರಣಿ ನಡೆಯುತ್ತಲೇ ಇತ್ತು. ನಾನು ಸಿಟ್ಟಿಗೆದ್ದು ಕೇಳಿದೆ. ಅವಳೇ ಹೇಳಿ ಹೋಗಿದ್ದಳಂತೆ, “ನಾ ಸತ್ತರ ಗಿರಣಿ ನಿಂದ್ರಸಬ್ಯಾಡ್ರಿ. ಮಂದಿ ಹಿಟ್ಟಿಲ್ಲದ ಕೂಡ್ತಾರ.” ನಾನು ಅತ್ತುಬಿಟ್ಟೆ, ಆದರೆ ಆ ಸಪ್ಪಳದಲ್ಲಿ ನನ್ನ ಅಳು ನನಗೇ ಕೇಳಲಿಲ್ಲ.

ಈಗ ಗಿರಣಿ ಇಲ್ಲ. ಗುಜರಿಯವರಿಗೆ ಹೋಯಿತು. ಗುಜರಿಯವರು ಬೋಲ್ಟು ಕೀಳಲು ಸರಪಳಿ ಹಾಕಿ ಜಗ್ಗಿದರಂತೆ, ಬರಲಿಲ್ಲ. ಕೊನೆಗೆ ನೆಲದ ಮಟ್ಟಕ್ಕೆ ಕತ್ತರಿಸಿ ಹೋದರು. ಅಲ್ಲೀಗ ಮೊಬೈಲ್ ಅಂಗಡಿ. ಮೇಲೆ ಫರಸಿ ಕಲ್ಲು ಹಾಸಿದ್ದಾರೆ. ಗೊರಸಿನ ಗುರುತು ಅದರ ಕೆಳಗೆ ಹೋಯಿತು.

ಮೊಮ್ಮಗ ಬಚ್ಚಲ ಹಿಂದಿನಿಂದ ಗಟ್ಟಿ ತಂದ. ಎರಡು ಹೋಳಿನಲ್ಲಿ ಇದೊಂದು, ಅಕ್ಕ ತೂತು ಹಾಕಿ ನೋಡಿದ್ದು, ಊರು ಬಿಡುವಾಗ ನಾನು ತಂದದ್ದು. ಇನ್ನೊಂದು ಅವಳ ಗಿರಣಿಯ ಬಾಗಿಲು ಬಡಿಯದಂತೆ ಒತ್ತಾಗಿತ್ತು, ಎಲ್ಲಿ ಹೋಯಿತೋ... ಬಡಿಯುವ ಗುಂಡಿ ಹಚ್ಚಿ, ನಾನು ತೋರಿಸಿದ ಕಡೆ ಮಷಿನ್ನು ಇಟ್ಟ. ಸಪ್ಪಳವೇ ಬೇರೆ ಬಂತು. ಕೆಳಗೆ ಬಿದ್ದ ಪುಡಿಯನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿದೆ.

“ಸಣ್ಣಗ ಐತಿ. ಈಗ ಹಾಕು ಬೀಮಿಗೆ.”

ಕೊಂಡಿ ಗಟ್ಟಿಯಾಗಿ ಕೂತಿತು. ನಾನೇ ಜಗ್ಗಿ ನೋಡಿದೆ. ಗಟ್ಟಿಯನ್ನು ತೊಳೆದು ಮತ್ತೆ ಬಚ್ಚಲ ಹಿಂದೆ ಇಟ್ಟು ಬಂದೆ. ಅದರಲ್ಲೀಗ ಅವಳ ತೂತಿನ ಪಕ್ಕ ಮಷಿನ್ನಿನ ತೂತು ಇದೆ. ಅವಳದೇ ಹೆಚ್ಚು ದುಂಡಗಿದೆ. ಕಂಡಿದ್ದರೆ ಬಾಯಿಯ ಒಂದು ಕಡೆ ನಗುತ್ತಿದ್ದಳು. ತೋರಿಸೋಣವೆಂದರೆ ಅವಳಿಲ್ಲ.